ಹೆಸರು ಹಿಡಿದು ಮಾಡಿದ ಪ್ರಾರ್ಥನೆ

ಶಹಾಪುರ
14 ಜುಲೈ 2024

ದಾವಿದಪ್ಪ ಮಾಮಾ ಅವರಿಗೆ ನಿಮ್ಮ ತಂಗಿ ಮಗಳು ಮಹಾನಂದಾ ಮಾಡೂ ವಂದನಿಗಳು.

ಊರಾಗ ಎಲ್ಲಾರೂ ಫೋನಿನ್ಯಾಗ ಮಾತಾಡತಾರ, ನಾ ಒಬ್ಬಾಕಿ ಪೋಸ್ಟಿಗೆ ಹೋಗಿ ಪಾಕೀಟ ಕೇಳತೇನಿ. ಕೌಂಟರಿನ್ಯಾಗ ಕುಂತಾವ ನನ್ನ ಮಾರಿ ನೋಡಿ ನಗತಾನ. ಏನ್ಮಾಡಬೇಕ್ರಿ, ಟಿ.ಬಿ. ಸೂಜಿ ನಿಮ್ಮ ಎರಡೂ ಕಿವಿ ತಿಂದು ಕುಂತಾವ, ಮೊಬೈಲಿನ್ಯಾಗಿನ ಅಕ್ಷರ ನಿಮ್ಮ ಕಣ್ಣಿಗೆ ಹತ್ತಂಗಿಲ್ಲ. ಹಿಂಗಾಗಿ ದವಾಖಾನಿ ಡ್ಯೂಟಿ ಮುಗಿಸಿ ಬಂದು, ಯೂನಿಫಾರ್ಮಿನ ಮ್ಯಾಲೇ ಕುಂತು ಬರ್ಯಾಕತ್ತೇನಿ. ನರ್ಸಿನ ಅಕ್ಷರ, ಓದಾಕ ತ್ರಾಸ ಆದ್ರ ಬೈಬ್ಯಾಡ್ರಿ.

ಸುದ್ದಿ ಇಷ್ಟೇ. ನಮ್ಮ ಸಭೆಯ ಯೌವನಸ್ಥರ ಕೂಟ ನಡಸೂದು ನಾ ಬಿಡಾಕತ್ತೇನಿ. ಸಭೆಯವರಿಗೆ ಇನ್ನಾ ಹೇಳಿಲ್ಲ. ನಿಮಗ ಮೊದಲ ಹೇಳಬೇಕನಸ್ತು, ಯಾಕಂದ್ರ ನನ್ನ ಈ ಬಾವ್ಯಾಗ ನೂಕಿದವರು ನೀವೇ.

ಮೇ ತಿಂಗಳಾಗ ಸುರಪುರದಾಗ ಶಿಬಿರ ಮಾಡಿದ್ರಲ್ಲ, ನಮ್ಮ ಹುಡುಗರನ್ನ ಟೆಂಪೋ ತುಂಬಿಸಿ ಒಯ್ದಿದ್ದೆ. ಹೈದರಾಬಾದಿನಿಂದ ಬಂದ ಬೋಧಕರು, ಬಣ್ಣದ ಲೈಟು, ಎದಿ ನಡುಗೂ ಹಂತಾ ಸೌಂಡು. ಕಡೀ ದಿನ ಕರ್ತನಿಗೆ ಜೀವನಾ ಕೊಡವರು ಮುಂದ ಬರ್ರಿ ಅಂದ್ರು. ನಮ್ಮವು ಎಲ್ಲಾವೂ ಓಡಿ ಹೋಗಿ ಮೊಣಕಾಲೂರಿ ಅತ್ತವು. ನಾನೂ ಅತ್ತೆ, ಸುಳ್ಳ ಯಾಕ ಹೇಳಲಿ. ಒಂದು ತಿಂಗಳಾಗೂದರೊಳಗ ಐದು ಮಂದಿ ಉಳದಾರ. ಆ ಐದರಾಗ ಇಬ್ಬರು ಕೀಬೋರ್ಡ್ ಕಲಿಯಾಕ ಬರತಾರ, ಒಬ್ಬ ಆ ಇಬ್ಬರನ್ನ ನೋಡಾಕ ಬರತಾನ.

ಪ್ರೊಜೆಕ್ಟರ್ ತಂದ್ವಿ, ಗಿಟಾರ್ ತಂದ್ವಿ, ಆಟಾ ಆಡಸಿದ್ವಿ, ಬಿರ್ಯಾನಿ ಮಾಡಸಿದ್ವಿ. ಸಭೆಯ ಹಿರಿಯ ದುರಗಪ್ಪಣ್ಣ ಪ್ರತಿ ಭಾನುವಾರ ಚರ್ಚಿನ ಕೀಲಿ ಕೈಯಾಗ ಆಡಸಗೋತ ನಿಂತು, ಎಷ್ಟು ಬಂದಾವ್ರೆವಾ ಅಂತ ಕೇಳತಾನ. ಅವನ ಮಗಳು ಸುವಾರ್ತಾ ಬಂದು ಗ್ವಾಡಿಗೆ ಬೆನ್ನಕೊಟ್ಟು, ಮೊಬೈಲ್ ನೋಡಕೋತ ಕುಂದರತಾಳ. ಹದಿನಾರು ವರ್ಷದಾಕಿ, ಪಿಯುಸಿ ಸೈನ್ಸ್ ಓದತಾಳ. ನಾ ವಾಕ್ಯ ಹೇಳೂವಾಗ ನನ್ನ ನೋಡೂ ನೋಟ ನೀವು ನೋಡಬೇಕ್ರಿ. ಮುಗಸ್ರಿ ಅಕ್ಕಾ, ಮನಿಗೆ ಹೋಗೂನು ಅಂದಂಗ ಇರತದ.

ನೀವು ನಮ್ಮನ್ನ ಹ್ಯಾಂಗ ಹಿಡದಿದ್ರಿ ಮಾಮಾ? ನೀವು ಬೋಧಕರಿದ್ದಾಗ ಬಾರಸಾಕ ಒಂದು ಡಫ್ ಬಿಟ್ರ ನಿಮ್ಮ ಹತ್ರ ಏನೂ ಇರಲಿಲ್ಲ. ಆದ್ರೂ ನಾವು ಬರತಿದ್ವಿ. ಹೇಳ್ರಿ, ಇಲ್ಲಂದ್ರ ಬಿಡು ಅಂತ ಬರೀರಿ.

ಸಿಟ್ಟಿನ್ಯಾಗ ಇರೂ ನಿಮ್ಮ,
ಮಹಾನಂದಾ

•

ಯಾದಗಿರಿ
22 ಜುಲೈ 2024

ಯವ್ವಾ ಮಹಾನಂದಾ,

ನಿನ್ನ ಪತ್ರ ಎರಡು ಸಲ ಓದಿದೆ, ಎರಡೂ ಸಲ ನಕ್ಕೆ. ಬಿಡೂದಾದ್ರ ನನ್ನ ಯಾಕ ಕೇಳತಿದ್ದಿ? ಸುಮ್ಮ ಬಿಟ್ಟು ಮನ್ಯಾಗ ಮಕ್ಕೋತಿದ್ದಿ.

ನಾ ನಿಮ್ಮನ್ನ ಹಿಡದಿರಲಿಲ್ಲವ್ವಾ. ನಿಮ್ಮ ಕೂಡ ಕುಂತಿದ್ದೆ, ಅಷ್ಟೇ. ನೀ ಹದಿನೈದರಾಕಿ ಇದ್ದಾಗ ನನ್ನ ಹತ್ರ ಬಂದು ಮೊದಲ ಹೇಳಿದ ಮಾತು ನೆನಪದ ಏನು? ಸಾಲಿ ತಪ್ಪಿಸಿ ಟಾಕೀಸಿಗೆ ಹೋಗಿದ್ದೆ ಅಂದಿ. ನಾ ಹೂಂ ಅಂದೆ. ನೀ ಒಂದು ತಿಂಗಳು ಕಾದಿ, ಆ ಮಾತು ನಿಮ್ಮವ್ವನ ಕಿವಿಗೆ ಬೀಳತದೇನು ಅಂತ. ಬೀಳಲಿಲ್ಲ. ಆಮ್ಯಾಲ ಒಂದಿನ ಬಂದು, ನಿಮ್ಮಪ್ಪ ಕುಡದು ಬಂದು ಮನ್ಯಾಗ ಏನ್ ಮಾಡತಾನ ಅನ್ನೂದು ಹೇಳಿದಿ. ಅದನ್ನ ಇವತ್ತಿನ ತನಕಾ ನಾ ಯಾರಿಗೂ ಹೇಳಿಲ್ಲ, ನಿಮ್ಮತ್ತಿ ಬದುಕಿದ್ದಾಗ ಆಕಿಗೂ ಹೇಳಿರಲಿಲ್ಲ.

ಈ ವಯಸ್ಸಿನ ಹುಡುಗರು ಹಂಗೇ. ಮೊದಲ ಸಣ್ಣ ಮಾತು ಕೊಟ್ಟು ನೋಡತಾರ, ಅದು ಎಲ್ಲಿತನಕಾ ಹೋಗತದ ಅಂತ. ನಿನ್ನ ಹತ್ರನೇ ಉಳೀತಂದ್ರ ದೊಡ್ಡದು ತರತಾರ. ನಾವು ಮಾಡೂ ತಪ್ಪು ಅಂದ್ರ, ಸಣ್ಣ ಮಾತು ಕೇಳಿದ ಕೂಡಲೇ ಒಂದು ವಾಕ್ಯ ತಗದು ಅವರ ತಲಿ ಮ್ಯಾಲ ಹೇರತೀವಿ. ಒಂದು ತಿಂಗಳು ಬೋಧನಾ ಬಿಟ್ಟುಬಿಡು. ಪ್ರೊಜೆಕ್ಟರ್ ಟ್ರಂಕಿನ್ಯಾಗ ಇಡು. ಚುರುಮುರಿ ಕಲಿಸಿಕೊಂಡು ಚರ್ಚಿನ ಮೆಟ್ಟಿಲ ಮ್ಯಾಲ ಕುಂದರ್ರಿ. ಯಾರೂ ಏನೂ ಹೇಳಲಿಲ್ಲಂದ್ರ ನೀನೂ ಹೇಳಬ್ಯಾಡ. ಕೇಳಿದ್ದು ಹೊರಗ ಒಯ್ಯಬ್ಯಾಡ. ನನಗ ಬರೂ ವಿದ್ಯಾ ಇಷ್ಟೇ.

ನನ್ನ ಹಣೇಬರಹ ನೋಡು, ಕೇಳೂದೊಂದೇ ಬರತಿತ್ತು, ದೇವರು ಕಿವೀನೇ ಕಸಗೊಂಡ. ಈಗ ಪ್ರಾರ್ಥನಾ ಒಂದೇ ಕೆಲಸ. ನಸುಕಿನ್ಯಾಗ ಎದ್ದು ಪಡಸಾಲ್ಯಾಗ ಕುಂದರತೇನಿ. ನನ್ನ ಧ್ವನಿ ನನಗೇ ಕೇಳಂಗಿಲ್ಲ. ಹಿಂಗಾಗಿ ಮಾತಾಡಾಕತ್ತೇನೋ ಮನಸಿನ್ಯಾಗ ಅನ್ನಾಕತ್ತೇನೋ ಅದೂ ತಿಳಿಯಂಗಿಲ್ಲ. ಭಾಳ ಶಾಂತಿ ಅದ.

ಊಟದ ಫಿಕರ್ ಮಾಡಬ್ಯಾಡ. ನಿಮ್ಮ ದುರಗಪ್ಪನ ಅಕ್ಕ ಅಯ್ಯಮ್ಮ ನಮ್ಮ ಓಣ್ಯಾಗೇ ಇರತಾಳಲ್ಲ, ದಿನಾ ಮುಂಜಾನೆ ಎರಡು ರೊಟ್ಟಿ, ಪಲ್ಯ ತಂದಿಟ್ಟು ಹೋಗತಾಳ.

ನಿನ್ನ ಮಾಮಾ,
ದಾವಿದಪ್ಪ

•

ಶಹಾಪುರ
8 ಸೆಪ್ಟೆಂಬರ್ 2024

ಮಾಮಾ ಅವರಿಗೆ ವಂದನಿಗಳು.

ನೀವು ಗೆದ್ರಿ. ಬರೀಬಾರದು ಅಂತ ಮಾಡಿದ್ದೆ, ನಿಮಗ ದಿಮಾಕ ಬರತದ ಅಂತ.

ಮೊದಲ ಎರಡು ವಾರ ಮೆಟ್ಟಿಲ ಮ್ಯಾಲ ಕುಂತು ಚುರುಮುರಿ ತಿಂದಿದ್ದೇ ಬಂತು. ನನಗ ನಾಲಿಗಿ ತಡಕೊಳ್ಳಾಕ ಆಗಲಾರದ ಕಡೀಕೆ ಬಾಯಿ ತುಂಬ ಶೇಂಗಾ ಹಾಕ್ಕೊಂಡು ಕುಂದರತಿದ್ದೆ. ಮೂರನೇ ವಾರ ಒಬ್ಬ ಹುಡುಗ, ಅಕ್ಕಾ, ನಾ ಪ್ರಾರ್ಥನಾ ಮಾಡೂವಾಗ ಆ ಕಡಿ ಯಾರೂ ಕೇಳಾಕತ್ತಾರ ಅನಸಂಗಿಲ್ಲ ಅಂದ. ಮೊದಲಾಗಿದ್ರ ವಿಶ್ವಾಸದ ಮ್ಯಾಲ ಅರ್ಧ ತಾಸು ಕೊರೀತಿದ್ದೆ. ಈ ಸಲ, ನನಗೂ ಒಮ್ಮೊಮ್ಮೆ ಹಂಗೇ ಅನಸತದೋ ಅಂದೆ. ಎಲ್ಲಾವೂ ತಿರುಗಿ ನನ್ನ ನೋಡಿದ್ವು. ಮುಂದಿನ ವಾರ ಹನ್ನೊಂದು ಮಂದಿ ಬಂದಿದ್ರು.

ಸುವಾರ್ತಾ ಈಗ ಮೊಬೈಲ್ ಚೀಲದಾಗ ಇಡತಾಳ. ಒಂದಿನ ನಾ ಚರ್ಚಿನ ಕಸಾ ಹೊಡಿಯೂವಾಗ ಬಂದು, ಫಿಜಿಕ್ಸ್ ಟೆಸ್ಟಿನ್ಯಾಗ ಫೇಲ್ ಆಗೀನಿ, ಮನ್ಯಾಗ ಪಾಸ್ ಅಂತ ಹೇಳೀನಿ ಅಂದಳು. ನೀವು ಬರದಿದ್ದು ನೆನಪಾಗಿ ನನಗ ನಗಿ ಬಂತು. ಹೂಂ ಅಂದೆ. ಮರು ಭಾನುವಾರ ದುರಗಪ್ಪಣ್ಣ ನನ್ನ ಕೂಡ ಮಾತಾಡೂವಾಗ ಆಕಿ ದೂರ ನಿಂತು ಅಪ್ಪನ ಮಾರಿ ನೋಡಾಕತ್ತಿದ್ದಳು. ಅವ ಕೇಳಿದ್ದು ಬ್ಯಾರೆ. ಕೂಟದಾಗ ಹಾಡಿಲ್ಲ, ಬೋಧನಾ ಇಲ್ಲ, ಹರಟಿ ಹೊಡೀತೀರಂತಲ್ಲ ಅಂದ. ಹೌದ್ರಿ ಅಣ್ಣಾ, ಹರಟಿ ಹೊಡೀತೀವಿ ಅಂದೆ. ಅವನ ಮಾರಿ ಸಪ್ಪಗಾತು, ಆಕಿ ಮಾರಿ ಅರಳಿತು.

ಆಕಿಗೆ ನನ್ನಂಗ ನರ್ಸ್ ಆಗಬೇಕಂತ. ನನ್ನಂಗ ಯಾಕ, ಡಾಕ್ಟರ್ ಆಗು ಅಂದ್ರ, ಡಾಕ್ಟರು ಬಂದು ನೋಡಿ ಹೋಗತಾರ ಅಕ್ಕಾ, ರಾತ್ರಿ ಕೂಡ ಇರವರು ನೀವೇ ಅಂದಳು. ಆ ಮಾತಿಗೆ ನಾ ಮನಿಗೆ ಬಂದು ಅತ್ತುಬಿಟ್ಟೆ ಮಾಮಾ. ಹನ್ನೆರಡು ವರ್ಷದ ಸರ್ವಿಸಿನ್ಯಾಗ ಯಾರೂ ನನಗ ಹಂಗ ಅಂದಿರಲಿಲ್ಲ.

ಕೂಟ ಬಿಡಂಗಿಲ್ಲ. ತಿಳಿಸೀನಿ.

ಮಹಾನಂದಾ

•

ಶಹಾಪುರ
3 ನವೆಂಬರ್ 2024

ಮಾಮಾ,

ಈ ಪತ್ರ ಓದಿದ ಕೂಡಲೇ ಒಲಿಗೆ ಹಾಕ್ರಿ. ಅಯ್ಯಮ್ಮ ನಿಮ್ಮ ಮನ್ಯಾಗ ಓಡಾಡತಾಳ. ಆಕಿ ಕೈಗೆ ಸಿಗಬಾರದು.

ಸುವಾರ್ತಾನ ಮದುವಿ ಗೊತ್ತು ಮಾಡ್ಯಾರ. ಕೊಡೇಕಲ್ ಕಡಿ ಒಂದು ಹಳ್ಳ್ಯಾಗ ದುರಗಪ್ಪಣ್ಣನ ಹೆಂಡತಿ ತವರಿನ ಸಂಬಂಧ. ಹುಡುಗಗ ಇಪ್ಪತ್ತೆಂಟು ದಾಟ್ಯಾವ. ಇವಳಿಗೆ ಇನ್ನಾ ಹದಿನಾರು ಮಾಮಾ. ಕ್ರಿಸ್‌ಮಸ್ ಮುಗಿದ ಮ್ಯಾಲ ಅಂತ ಮಾತಾಗ್ಯಾದ. ಚರ್ಚಿನ್ಯಾಗ ಮಾಡಂಗಿಲ್ಲಂತ. ಚರ್ಚಿನ್ಯಾಗ ಮಾಡಿದ್ರ ಮೂರು ಭಾನುವಾರ ಇಬ್ಬರ ಹೆಸರೂ ಓದಬೇಕು, ವಯಸ್ಸಿನ ದಾಖಲಾ ತೋರಸಬೇಕು. ಅದೇ ಚರ್ಚಿನ ಕೀಲಿ ಇಟಗೊಂಡ ಮನಷ್ಯಾ, ನಿಯಮಾ ಎಲ್ಲಾ ಬಲ್ಲಾವ, ಅದಕ್ಕೇ ಹೊರಗ ಮಾಡಾಕ ಹೊಂಟಾನ.

ಆಕಿ ನನಗೊಬ್ಬಾಕಿಗೇ ಹೇಳ್ಯಾಳ. ಅಳಲಿಲ್ಲ. ಎಲ್ಲಾ ವಿಚಾರ ಮಾಡೇ ಬಂದಿದ್ದಳು. ಮಕ್ಕಳ ಸಹಾಯವಾಣಿಗೆ ಫೋನ್ ಮಾಡಬೇಕು ಅಕ್ಕಾ, ನನ್ನ ಮೊಬೈಲ್ ಅಪ್ಪ ನೋಡತಾನ, ನೀವು ಮಾಡ್ರಿ, ಯಾರು ಮಾಡಿದ್ರು ಅಂತ ಅವರು ಹೇಳಂಗಿಲ್ಲಂತ, ಕಾಲೇಜಿನ್ಯಾಗ ಹೇಳ್ಯಾರ ಅಂದಳು. ನನ್ನ ಕೈಯಾಗ ಮೊಬೈಲ್ ಇತ್ತು ಮಾಮಾ. ಅಲ್ಲೇ ಮಾಡಬಹುದಿತ್ತು.

ನಾ ಏನಂದೆ ಗೊತ್ತೇನು? ಒಂದು ವಾರ ಪ್ರಾರ್ಥನಾ ಮಾಡೂನು, ದಾರಿ ತಿಳೀತದ ಅಂದೆ. ನನ್ನ ಬಾಯಿಗೆ ಅದೇ ಬಂತು. ಹೆದರಿಕಿ ಅದ. ದುರಗಪ್ಪಣ್ಣಗ ಗೊತ್ತಾದ್ರ ಸಭೆ ಎರಡು ಭಾಗ ಆಗತದ. ನಮ್ಮ ಚರ್ಚಿನ ಪಾಸ್ಟರ್ ಅಯ್ಯನವರು ಹೊಸಬರು, ಅವನ ಮಾತು ಮೀರೂವರಲ್ಲ. ಪೊಲೀಸರು ಬಂದ್ರ ಊರ ಮಂದಿ ನೋಡ್ರಿ ಕ್ರಿಸ್ತನವರು ಅಂತ ಆಡಕೋತಾರ. ಆಕಿ ನನ್ನ ಮಾರಿ ನೋಡಿದಳು. ಆತು ಅಕ್ಕಾ, ಒಂದು ವಾರ ಅಂದಳು.

ನಿಮಗ ಬಿಟ್ರ ಇದನ್ನ ನಾ ಯಾರಿಗೂ ಹೇಳಂಗಿಲ್ಲ. ಸುಮ್ಮ ನಮ್ಮ ಹುಡುಗರಿಗಾಗಿ ಅಂತ ಪ್ರಾರ್ಥನಾ ಮಾಡಬ್ಯಾಡ್ರಿ. ಸುವಾರ್ತಾ ಅಂತ ಹೆಸರು ಹಿಡಿದು, ವಿಷಯಾ ಹಿಡಿದು ಬೇಡ್ರಿ. ಏನ್ ಮಾಡಲಿ ಅನ್ನೂದೂ ಲಗೂನ ಬರೀರಿ.

ಮಹಾನಂದಾ

•

ಯಾದಗಿರಿ
10 ನವೆಂಬರ್ 2024

ಯವ್ವಾ,

ನಿನ್ನ ಪತ್ರ ಸುಟ್ಟೆ. ಬೂದಿ ಸೈತ ಕೆದರಿ ನೋಡಿದೆ.

ಆ ದಿನದಿಂದ ನಸುಕಿನ ಪ್ರಾರ್ಥನಾದಾಗ ಆಕಿದೇ ಹೆಸರು. ತಂದೇ, ಸುವಾರ್ತಾ ಅನ್ನೂ ನಿನ್ನ ಕೂಸನ್ನ ಈ ಮದುವಿಯಿಂದ ಬಿಡಿಸು, ಫೋನ್ ಮಾಡಾಕ ಮಹಾನಂದಾಗ ಧೈರ್ಯ ಕೊಡು ಅಂತ ಬೇಡಾಕತ್ತೇನಿ. ಕಣ್ಣೀರು ಬರತಾವ. ಕಿವಿ ಹೋದ ಮ್ಯಾಲ ಇಷ್ಟು ಮನಸ್ಸಿಟ್ಟು ನಾ ಯಾರ ಸಲುವಾಗೂ ಬೇಡಿರಲಿಲ್ಲ.

ಆದ್ರ ಅವಸರ ಮಾಡಬ್ಯಾಡ. ಒಂದು ವಾರ ಅಂದೀ, ಎರಡು ತಗೋ. ಕ್ರಿಸ್‌ಮಸ್ ಇನ್ನಾ ದೂರ ಅದ. ದುರಗಪ್ಪನ್ನ ನಾ ಬಲ್ಲೆ. ಸಣ್ಣಾಂವ ಇದ್ದಾಗ ಸಂಡೇ ಸ್ಕೂಲಿನ್ಯಾಗ ನನ್ನ ಕಾಲಾಗ ಕುಂದರತಿದ್ದ. ದೀಕ್ಷಾಸ್ನಾನ ಕೊಟ್ಟಾವ ನಾನೇ. ಮನಷ್ಯಾ ಒರಟ ಇದ್ರೂ ಒಳಗ ದೇವರ ಅಂಜಿಕಿ ಅದ. ಪೊಲೀಸರ ಕಡಿಂದ ಆಗೂದಕ್ಕಿಂತ ದೇವರ ಕಡಿಂದ ಅವನ ಮನಸ್ಸು ಕರಗಲಿ. ತಿಂಗಳ ಕಡೀಕೆ ನಾನೇ ಶಹಾಪುರಕ್ಕ ಬಂದು ಅವನ ಮುಂದ ಕುಂತು ಮಾತಾಡತೇನಿ. ಅವ ಮಾತಾಡಿದ್ದು ನನಗ ಕೇಳಂಗಿಲ್ಲ ಅನ್ನೂದೊಂದು ಫಾಯದಾ.

ಅಯ್ಯಮ್ಮ ಇತ್ತೀಚಿಗೆ ರೊಟ್ಟಿ ಭಾಳ ಲಗೂ ತರತಾಳ. ನಾ ಕಣ್ಣು ತಗದ್ರ ಬಾಗಲದಾಗ ಬುಟ್ಟಿ ಹಿಡಕೊಂಡು ನಿಂತಿರತಾಳ. ಪ್ರಾರ್ಥನಾ ಮುಗಿಯೂ ತನಕಾ ನಿಂದರತಾಳ, ಪಾಪ. ಭಕ್ತಿ ಹೆಚ್ಚಾಗ್ಯಾದ ಆಕಿಗೆ.

ಆಶೀರ್ವಾದಗಳೊಂದಿಗೆ,
ದಾವಿದಪ್ಪ

•

ಶಹಾಪುರ
24 ನವೆಂಬರ್ 2024

ಮಾಮಾ,

ಸುವಾರ್ತಾನ ಮದುವಿ ಆಗಿ ಹೋತು.

ಹೋದ ಭಾನುವಾರ ಕೂಟಕ್ಕ ಬರಲಿಲ್ಲ. ಜ್ವರಾ ಬಂದದ, ಸುರಪುರದಾಗ ಅವರ ದೊಡ್ಡವ್ವನ ಮನಿಗೆ ಕಳಿಸೀವಿ ಅಂದ ದುರಗಪ್ಪಣ್ಣ. ಮರುದಿನ ಕಾಲೇಜಿಗೆ ಹೋಗಿ ಕೇಳಿದೆ, ಅಲ್ಲೂ ಬಂದಿಲ್ಲ. ಆವಾಗ ಸಹಾಯವಾಣಿಗೆ ಫೋನ್ ಮಾಡಿದೆ ಮಾಮಾ. ಕಾಲೇಜಿನ ಗೇಟಿನ ಮುಂದ ನಿಂತು ಮಾಡಿದೆ. ಪಾಪ, ಅವರು ಅವತ್ತೇ ಸಂಜಿಕೆ ಬಂದ್ರು. ಸುರಪುರದ ಮನಿಗೂ ಹೋದ್ರು. ಆಕಿ ಎಲ್ಲೂ ಇರಲಿಲ್ಲ. ಆ ಭಾನುವಾರದ ಹಿಂದಿನ ಗುರುವಾರನೇ ತಾಳಿ ಕಟ್ಟಿಸಿಬಿಟ್ಟಿದ್ರು, ಆ ಹಳ್ಳ್ಯಾಗಿನ ದೇವರ ಕಟ್ಟಿ ಮುಂದ. ನಮ್ಮ ಸಭೆಯ ಹಿರಿಯ ಅಲ್ಲಿ ಕೈ ಮುಗದು ನಿಂತಿದ್ದನಂತ. ಮದುವಿಗೆ ಹೋದವರೇ ಬಂದು ಹೇಳಿದ್ರು.

ಇವತ್ತು ಚರ್ಚಿನ್ಯಾಗ ಕಾಣಿಕಿ ತಟ್ಟಿ ಹಿಡಕೊಂಡು ಅವನೇ ಬಂದ. ನನ್ನ ಮುಂದ ತಟ್ಟಿ ಹಿಡದು, ಬಗ್ಗಿ, ನನ್ನ ಮಗಳನ್ನ ಜೇಲಿಗೆ ಹಾಕಸಬೇಕಂತ ಮಾಡಿದ್ದಿ, ಹೌದಿಲ್ಲೋ ಅಂದ. ಆಕಿನ್ನಲ್ಲ, ನಿನ್ನ ಅನ್ನಬೇಕಂದೆ. ಅಷ್ಟರಾಗ ಅವ ಮುಂದಿನ ಸಾಲಿಗೆ ಹೋದ.

ಅವಗ ಹ್ಯಾಂಗ ಗೊತ್ತಾತು? ನಾ ಫೋನ್ ಮಾಡೂದಕ್ಕ ಮೊದಲೇ ಅವರು ಆಕಿನ್ನ ಒಯ್ದಾರ. ಮೂರು ಮಂದಿಗೆ ಗೊತ್ತಿದ್ದ ಮಾತು. ಆಕಿ, ನಾನು, ನೀವು. ನಾ ಯಾರ ಮುಂದೂ ತುಟಿ ಬಿಚ್ಚಿಲ್ಲ. ಖರೇ ಹೇಳ್ರಿ ಮಾಮಾ, ಯಾರಿಗರೆ ಹೇಳಿದ್ರೇನು?

ಮಹಾನಂದಾ

•

ಯಾದಗಿರಿ
1 ಡಿಸೆಂಬರ್ 2024

ಮಹಾನಂದಾ,

ಆ ಕೂಸಿನ ಸುದ್ದಿ ಓದಿ ಎರಡು ದಿನ ಅನ್ನ ಸೇರಲಿಲ್ಲ.

ಆದ್ರ ನೀ ನನಗ ಇಂಥಾ ಮಾತು ಕೇಳಬಾರದಿತ್ತು. ನಲವತ್ತು ವರ್ಷ ಮಂದಿ ನನ್ನ ಕಿವ್ಯಾಗ ಹಾಕಿದ್ದು ಹೊರಗ ಬಂದಿಲ್ಲ. ನಿಮ್ಮಪ್ಪಂದು ಬಂತೇನು? ದೇವರೊಬ್ಬನ್ನ ಬಿಟ್ಟು ಸುವಾರ್ತಾನ ಮಾತು ನಾ ಯಾರಿಗೂ ಹೇಳಿಲ್ಲ. ಪತ್ರ ಸುಟ್ಟೀನಿ. ನಮ್ಮ ಮನಿಗೆ ಬರಾಕಿ ಅಯ್ಯಮ್ಮ ಒಬ್ಬಾಕಿ, ಆಕಿ ಕೂಡ ಮಾತಾಡಿ ನನಗೇನು ಕೇಳತದ?

ಹುಡುಗರ ಬಾಯಿ ಗಟ್ಟಿ ಇರಂಗಿಲ್ಲವ್ವಾ. ಆಕೀನೇ ಯಾರೋ ಗೆಳತಿ ಮುಂದ ಆಡಿರಬೇಕು. ಹದಿನಾರು ವರ್ಷದಾಕಿ, ತಡಕೊಳ್ಳಾಕ ಆಗಿರಲಿಕ್ಕಿಲ್ಲ. ಈ ಮಾತು ಆಕಿ ಮ್ಯಾಲ ನೀ ಸಿಟ್ಟಾಗಬೇಕಂತ ಹೇಳಾಕತ್ತಿಲ್ಲ.

ಶಹಾಪುರಕ್ಕ ಬರಬೇಕಂತ ಮಾಡಿದ್ದೆ, ಕೆಮ್ಮು ಭಾಳ ಆಗ್ಯಾದ. ನಿನಗಾಗಿ ಬೇಡಾಕತ್ತೇನಿ. ಹೆಸರು ಹಿಡದೇ ಬೇಡಾಕತ್ತೇನಿ.

ದಾವಿದಪ್ಪ

•

ಶಹಾಪುರ
15 ಜನವರಿ 2025

ಮಾಮಾ,

ನಿಮ್ಮ ಎರಡು ಪತ್ರ ಬಂದ್ವು, ಕ್ರಿಸ್‌ಮಸ್ ಕಾರ್ಡೂ ಬಂತು. ಉತ್ತರ ಬರೀಲಿಲ್ಲ. ಇದನ್ನೂ ಬರೀಬಾರದು ಅಂತಿದ್ದೆ. ವಯಸ್ಸಾದ ಜೀವ, ಇದ್ದಷ್ಟು ದಿನ ಸಮಾಧಾನದಿಂದ ಇರಲಿ ಅಂತ ನನಗ ನಾನೇ ಭಾಳ ಸಲ ಹೇಳಿಕೊಂಡೆ. ಆದ್ರ ತಪ್ಪು ಆಕೀದೇ ಅಂತ ನೀವು ಬರದ್ರಲ್ಲ, ಆ ಸಾಲು ಎದ್ಯಾಗ ಸಿಗಬಿದ್ದದ. ನೀವು ಸಾಯೂ ತನಕಾ ಹಂಗಂತ ತಿಳಕೊಂಡಿರಬಾರದು.

ಹೊಸ ವರ್ಷ ಆದ ಮ್ಯಾಲ ನಿಮ್ಮನ್ನ ನೋಡಬೇಕಂತ ಯಾದಗಿರಿಗೆ ಬಂದಿದ್ದೆ. ನಿಮಗ ಗೊತ್ತಿಲ್ಲ. ಮೊದಲನೇ ಬಸ್ಸಿಗೆ ಬಂದಿದ್ದೆ, ಇನ್ನಾ ಬೆಳಕು ಹರದಿರಲಿಲ್ಲ. ನಿಮ್ಮ ಓಣಿ ಮೂಲಿಗೆ ನಳದ ಹತ್ರ ಹೆಣ್ಣಮಕ್ಕಳು ಕೊಡಾ ಹಚ್ಚಿ ನಿಂತಿದ್ರು. ಅಲ್ಲಿಂದ ನಿಮ್ಮ ಮನಿ ಐದಾರು ಮನಿ ಆಚಿಗೆ ಅದ. ಅಲ್ಲಿಗೇ ನನಗ ನಿಮ್ಮ ಧ್ವನಿ ಕೇಳಿತು.

ಪುಲ್ಪಿಟ್ಟಿನ್ಯಾಗ ನಿಂತು ಬೋಧನಾ ಮಾಡತಿದ್ರಲ್ಲ, ಅಷ್ಟೇ ದೊಡ್ಡದು ಮಾಮಾ. ಇನ್ನೂ ದೊಡ್ಡದೇ ಇರಬೇಕು. ಒಂದೊಂದು ಅಕ್ಷರ ತಿಳೀತಿತ್ತು. ಆವಾಗ ನನ್ನ ಪಾಳಿ ನಡದಿತ್ತು. ತಂದೇ, ಮಹಾನಂದಾಗ ಇನ್ನಾ ಮದುವಿ ಇಲ್ಲ, ಗಂಡಸರಂದ್ರ ಆಕಿಗೆ ಅಂಜಿಕಿ ಅದ, ಆಕಿ ಅಪ್ಪ ಕುಡದು ಬಂದು ತಾಯಿನ್ನ ಅಂಗಳದಾಗ ಕೂದಲು ಹಿಡದು ಎಳೀತಿದ್ದ, ಕೂಸು ಕಣ್ಣಲೇ ನೋಡ್ಯಾಳ ಅಂದ್ರಿ. ಇಪ್ಪತ್ತು ವರ್ಷ ನೀವು ನಿಮ್ಮ ಹೆಂಡತಿ ಮುಂದೂ ಆಡಲಾರದ ಮಾತು. ನಳದ ಹತ್ರ ಒಬ್ಬಾಕಿ ಕೊಡಾ ತುಂಬಿ ಚೆಲ್ಲಾಕತ್ತಿದ್ರೂ ಎತ್ತಲಾರದ ಕೇಳಕೋತ ನಿಂತಿದ್ದಳು. ಇವತ್ತ ಯಾರದೋ ಹೊಸಾದು ಬಂತು ಅಂದಳು ಇನ್ನೊಬ್ಬಾಕಿ. ಮನಿ ಹತ್ರ ಬಂದು ನೋಡಿದ್ರ ನಿಮ್ಮ ಬಾಗಲದಾಗ ದುರಗಪ್ಪಣ್ಣನ ಅಕ್ಕ ಅಯ್ಯಮ್ಮ ಬುಟ್ಟಿ ಹಿಡಕೊಂಡು ನಿಂತಿದ್ದಳು. ಆಕಿ ನನ್ನ ನೋಡಿದಳು, ನಾ ಆಕಿನ್ನ ನೋಡಿದೆ. ಸೆರಗು ತಲಿ ಮ್ಯಾಲ ಎಳಕೊಂಡು ಒಳಗ ಹೋದಳು. ನಾ ತಿರುಗಿ ಬಸ್‌ಸ್ಟ್ಯಾಂಡಿಗೆ ಬಂದೆ.

ನಿಮ್ಮ ಮ್ಯಾಲ ಸಿಟ್ಟು ಬಂದದ. ಸುಳ್ಳ ಹೇಳಂಗಿಲ್ಲ, ಭಾಳ ಬಂದದ. ಆದ್ರ ಹೆಸರು ಹಿಡಿದು ಬೇಡ್ರಿ ಅಂತ ಬರದಾಕಿ ನಾನೇ. ಕೈಯಾಗ ಮೊಬೈಲ್ ಇಟಗೊಂಡು ಒಂದು ವಾರ ಪ್ರಾರ್ಥನಾ ಮಾಡೂನು ಅಂದಾಕೀನೂ ನಾನೇ. ನಮ್ಮ ಮಂದಿಗೆ ಇದೊಂದು ಚಟಾ ಮಾಮಾ. ಮಾಡೂ ಕೆಲಸ ಕಣ್ಣ ಮುಂದ ಇದ್ದಾಗ ಕಣ್ಣು ಮುಚ್ಚತೀವಿ.

ಆಮ್ಯಾಲಿನ ಪತ್ರದಾಗ ಕೂಟ ಹ್ಯಾಂಗ ನಡದದ ಅಂತ ಕೇಳಿದ್ರಿ. ಛಲೋ ನಡದದ. ಗಿಟಾರ್ ಮತ್ತ ಹೊರಗ ಬಂದದ. ಕ್ರಿಸ್‌ಮಸ್ ಹಾಡು ಕಲಿಯಾಕ ಬಂದವರು ಅಲ್ಲೇ ಉಳದಾರ, ಸಭಾಂಗಣ ತುಂಬತದ. ಹಾಡತಾರ, ಕೈ ಎತ್ತತಾರ, ವಾಕ್ಯ ಬಾಯಿಪಾಠ ಒಪ್ಪಸತಾರ. ದುರಗಪ್ಪಣ್ಣಗ ಭಾಳ ಖುಷಿ ಆಗ್ಯಾದ. ಚುರುಮುರಿ ತಗೊಂಡು ಹೋಗಿ ಮೆಟ್ಟಿಲ ಮ್ಯಾಲ ಕುಂತೆ ಒಂದಿನ. ಬಂದ್ರು, ತಿಂದ್ರು, ಕ್ರಿಕೆಟ್ ಮಾತಾಡಿದ್ರು, ಥ್ಯಾಂಕ್ಸ್ ಅಕ್ಕಾ ಅಂದು ಹೋದ್ರು. ಸುವಾರ್ತಾ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ. ಎಲ್ಲಾವಕ್ಕೂ ಗೊತ್ತದ.

ಮಹಾನಂದಾ

•

ಯಾದಗಿರಿ
2 ಫೆಬ್ರವರಿ 2025

ಮಹಾನಂದಾ,

ನಿನ್ನ ಪತ್ರ ಓದಿ ಮೊದಲ ಸುಳ್ಳಂತ ಅನಸ್ತು. ಎದುರಿನ ಮನಿ ಖಾಜಾಮಿಯಾನ ಹತ್ರ ಹೋದೆ. ಟೇಲರ್, ಸುಳ್ಳು ಆಡಾವ ಅಲ್ಲ. ಅವನ ಬಟ್ಟಿ ಅಳತಿ ಬರಿಯೂ ಹಾಳಿ ಮ್ಯಾಲ ಬರದು ಕೇಳಿದೆ, ನನ್ನ ಪ್ರಾರ್ಥನಾ ನಿನಗ ಕೇಳತದೇನು ಅಂತ. ಅವ ನನ್ನ ಮಾರಿ ನೋಡಲಿಲ್ಲ. ಹೌದು ಅಂತ ಗೋಣು ಹಾಕಿದ. ಯಾವಾಗಿಂದ ಅಂದೆ. ಬಡೇಮಿಯಾ, ನೀವು ಈ ಓಣಿಗೆ ಬಂದಾಗಿಂದ ಅಂತ ಬರದ. ಯಾಕ ಹೇಳಲಿಲ್ಲೋ ಅಂದೆ. ದುವಾ ಮಾಡೂ ಮನಷ್ಯಾನ ಬಾಯಿ ಹ್ಯಾಂಗ ಮುಚ್ಚಸಬೇಕ್ರಿ ಅಂತ ಬರದ. ಅವಗ ನನ್ನಕಿಂತ ಹೆಚ್ಚು ನಾಚಿಕಿ ಆಗಿತ್ತು.

ಮನಿಗೆ ಬಂದು ಕುಂತು ಯಾರ್ಯಾರ ಹೆಸರು ಹಿಡದಿದ್ದೆ ಅಂತ ನೆನಸಿಕೊಂಡೆ. ಸಾಲ, ಜಡ್ಡು, ಗಂಡ ಹೆಂಡರ ಜಗಳಾ, ಬಸಿರು. ನಂಬಿ ನನಗ ಬರದು ಕೊಟ್ಟಿದ್ದೆಲ್ಲಾ. ಯಾರ್ಯಾರು ಯಾಕ ನನ್ನ ಮನಿಗೆ ಬರೂದು ಬಿಟ್ರು ಅನ್ನೂದು ಈಗ ತಿಳೀತು. ವಯಸ್ಸಾದಾವ, ಕಿವುಡ, ಅದಕ್ಕೇ ಬರಂಗಿಲ್ಲ ಅಂತ ತಿಳದಿದ್ದೆ.

ಅಯ್ಯಮ್ಮ ರೊಟ್ಟಿ ತರೂದು ನಿಲ್ಲಿಸ್ಯಾಳ. ಖಾಜಾಮಿಯಾನ ಮನಿಯಿಂದ ಬರತದ.

ಈಗ ನಸುಕಿನ್ಯಾಗ ಏಳತೇನಿ, ಕುಂದರತೇನಿ. ಬಾಯಿ ಮುಚ್ಚಿ ಪ್ರಾರ್ಥನಾ ಮಾಡಾಕ ನೋಡಿದೆ. ತುಟಿ ಬಿಚ್ಚೇನೋ ಮುಚ್ಚೇನೋ ಅಂತ ಕೈ ತಾನೇ ಬಾಯಿಗೆ ಹೋಗತದ. ಲಕ್ಷ್ಯ ಎಲ್ಲಾ ಅಲ್ಲೇ. ದೇವರ ಹೆಸರು ಸೈತ ಬರವಲ್ದು. ಬ್ಯಾಸತ್ತು ಬಿಟ್ಟುಬಿಟ್ಟೀನಿ. ಈ ಮಾತು ಒಬ್ಬ ಬೋಧಕ ಬರೀಬಾರದು, ಬರದೀನಿ.

ಆಕಿ ತಪ್ಪು ಅಂದದ್ದು ನನ್ನ ಪಾಪ. ನಿನ್ನ ಕ್ಷಮಾ ಕೇಳತೇನಿ. ಆಕಿ ಎಲ್ಲೆರೆ ಸಿಕ್ರ ನನ್ನ ಹೆಸರು ಹೇಳಿ ಆಕಿದೂ ಕೇಳವ್ವಾ. ಒಂದು ಉತ್ತರ ಬರಿ. ಕ್ಷಮಾ ಮಾಡೀನಿ ಅಂತ ಬರಿ, ಇಲ್ಲಂದ್ರ ಇಲ್ಲ ಅಂತ ಬರಿ.

ದಾವಿದಪ್ಪ

•

ಶಹಾಪುರ
23 ಮಾರ್ಚ್ 2025

ಮಾಮಾ ಅವರಿಗೆ,

ಸುವಾರ್ತಾ ನಮ್ಮ ದವಾಖಾನಿಗೆ ಬಂದಿದ್ದಳು. ಆಕಿ ಅತ್ತಿ ಕರಕೊಂಡು ಬಂದಿದ್ದಳು. ಚೀಟಿ ಮಾಡಸಾಕ ಅತ್ತಿ ಪಾಳಿ ಹಚ್ಚಿದಾಗ ಆಕಿನ್ನ ಬಿ.ಪಿ. ನೋಡೂ ಖೋಲಿಗೆ ಕರದು ಬಾಗಲಾ ಹಾಕಿದೆ. ಸೊರಗ್ಯಾಳ. ಕೈಗೆ ಪಟ್ಟಿ ಸುತ್ತೂವಾಗ ಮೊಣಕೈ ಮ್ಯಾಲ ಕಂದಿದ್ದು ಕಂಡಿತು, ಬೆರಳು ಮೂಡಿದಂಗ ಇತ್ತು. ಏನಾಗ್ಯಾದ ಅಂತ ಕೇಳಿದೆ. ಏನಿಲ್ಲ ಅಕ್ಕಾ ಅಂದಳು. ಮತ್ತ ಯಾಕ ಬಂದೀ ಅಂದೆ. ಹೊರಗ ಅತ್ತಿ ನಿಂತಾರ, ಅವರಿಗೆ ಕೇಳ್ರಿ, ಅವರೇ ಹೇಳತಾರ ಅಂದಳು.

ಎಲ್ಲಾ ಹೇಳಿದೆ ಮಾಮಾ. ನಾ ನಿಮಗ ಬರದಿದ್ದು, ನೀವು ನಸುಕಿನ್ಯಾಗ ಬೇಡಿದ್ದು, ಓಣಿ ಕೇಳಿದ್ದು. ನಿಮ್ಮ ಪರವಾಗಿ ಕ್ಷಮಾ ಕೇಳಿದೆ, ನಂದೂ ಕೇಳಿದೆ. ಈ ಮದುವಿ ಕಾನೂನಿನ್ಯಾಗ ನಿಂದರಂಗಿಲ್ಲ, ಈಗಲೂ ಫೋನ್ ಮಾಡತೇನಿ, ಇಲ್ಲೇ ನಿನ್ನ ಮುಂದೇ ಮಾಡತೇನಿ ಅಂತ ಮೊಬೈಲ್ ತಗದೆ. ನಿಮಗ ಮಾಡೂದಿದ್ರ ಅವತ್ತೇ ಮಾಡತಿದ್ರಿ ಅಂದಳು. ಸಿಟ್ಟಿನಿಂದ ಅನ್ನಲಿಲ್ಲ. ತೋಳಿನ ಪಟ್ಟಿ ತಾನೇ ಬಿಚ್ಚಿ ಟೇಬಲ್ ಮ್ಯಾಲ ಇಟ್ಟಳು. ಆಕಿ ಬ್ಯಾಡಂದ್ರೂ ಅವತ್ತು ಸಂಜಿಕೆ ಫೋನ್ ಮಾಡೀನಿ. ಬರತಾರೋ, ಬಂದ್ರ ಆಕಿ ಅವರ ಮುಂದ ಬಾಯಿ ಬಿಡತಾಳೋ, ನನಗ ಭರವಸಿ ಇಲ್ಲ.

ಕ್ಷಮಾ ಮಾಡತಿ ಏನವ್ವಾ ಅಂತ ಬಾಗಲದಾಗ ಮತ್ತ ಕೇಳಿದೆ. ಆಕಿ ನಿಂತಳು. ಮಾಡೀನಿ ಅಕ್ಕಾ, ಇಬ್ಬರನ್ನೂ ಮಾಡೀನಿ ಅಂದಳು. ಆಮ್ಯಾಲ, ಆದ್ರ ಇನ್ನ ಮುಂದ ನಿಮಗ ಏನೂ ಹೇಳಂಗಿಲ್ಲ ಅಂದು ಅತ್ತಿ ಹತ್ರ ಹೋದಳು.

ನೀವು ಉತ್ತರ ಕೇಳಿದ್ರಿ. ನಂದೂ ಅಷ್ಟೇ ಮಾಮಾ. ಕ್ಷಮಾ ಮಾಡೀನಿ.

ಮಹಾನಂದಾ